ಸಾವಿನ ಮನೆಯ ನೀರು

"ಬರ್ಕೊಳ್ರಿ! ಪರಶುರಾಮ ಕಾಸು ತಿಂದು ನೀರು ಮಾರಿದ ಅಂತ ನೀವೇ ಬರ್ಕೊಳ್ರಿ! ನನ್ನ ಕೈಯಲ್ಲಿ ಯಾಕೆ ಬರೆಸ್ತೀರಾ?"

ಪರಶುರಾಮ ಮೇಜು ಗುದ್ದಿದ ಏಟಿಗೆ ಎಂಜಿನಿಯರ್ ಧರ್ಮೇಂದ್ರರ ಟೀ ಲೋಟ ಕುಣಿಯಿತು. ಶಿವಮೊಗ್ಗದ ವಿನೋಬನಗರದ ಆ ನೀರು ಸರಬರಾಜು ಕಚೇರಿಯಲ್ಲಿ ಉಳಿದವರೆಲ್ಲ ಕಂಪ್ಯೂಟರಿನೊಳಗೆ ತಲೆ ಹುದುಗಿಸಿದರು.

"ಕೂಗಾಡ್ಬೇಡ ಮಾರಾಯ. ಮಾರಿದೆ ಅಂತ ಬರಿ ಅಂದ್ನಾ ನಾನು? ಆರೋಗ್ಯ ಸರಿಯಿಲ್ಲ, ಕೆಲಸ ಬಿಡ್ತೀನಿ ಅಂತ ಎರಡು ಸಾಲು ಗೀಚು. ಸೋಮವಾರದ ವಿಚಾರಣೆ ಅಲ್ಲಿಗೇ ನಿಂತೋಗುತ್ತೆ. ಡಿಸ್‌ಮಿಸ್ ಆಗೋದಕ್ಕಿಂತ ಮರ್ಯಾದೆಯಾಗಿ ಹೋಗು."

"ಯಾವ ಮರ್ಯಾದೆ? ತಿಂದಿದ್ದ, ಅದಕ್ಕೇ ಓಡಿಹೋದ ಅನ್ನುತ್ತೆ ಊರು."

"ನೀನು ವಾಲ್ವ್ ತಿರುಗಿಸಿದ್ದು ಸುಳ್ಳಾ?"

"ತಿರುಗಿಸಿದೆ. ಸಾವಿನ ಮನೆಗೆ ಬಿಟ್ಟೆ. ನಿಮ್ಮ ತಾಯಿ ಹೋದಾಗ ಸರದಿ ಇಲ್ದೆ ನೀರು ಬಿಟ್ಟಿದ್ದು ಯಾವನು ಸಾರ್? ಆಗ ಕಾಸು ಕೊಟ್ಟಿದ್ರಾ?"

ಧರ್ಮೇಂದ್ರ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಹಂಗಾದ್ರೆ ಸಾಕ್ಷಿ ಕರ್ಕೊಂಡು ಬಾ. ಫೋನ್ ಮಾಡಿ ನೀರು ಕೇಳಿದ್ದು ನಾನೇ ಅಂತ ಶಕುಂತಲಮ್ಮ ಬಂದು ಹೇಳ್ಲಿ. ಲಂಚದ ಮಾತು ಬಿದ್ದೋಗುತ್ತೆ. ಕೆಲಸ ಉಳಿಯುತ್ತೆ."

ಭದ್ರಾವತಿಯ ಹಳೇನಗರದಲ್ಲಿ ನೀರು ಬಿಡುವವರ ರೂಢಿ ಅದು. ಯಾರ ಮನೆಯಲ್ಲಿ ಸಾವಾದರೂ ಸರದಿ ನೋಡದೆ ಆ ಬೀದಿಯ ವಾಲ್ವ್ ತಿರುಗಿಸಬೇಕು. ಹೆಣಕ್ಕೆ ಸ್ನಾನವಾಗಬೇಕು, ಮಣ್ಣು ಮಾಡಿ ಬಂದವರು ತಲೆಗೆ ನೀರು ಹಾಕಿಕೊಳ್ಳಬೇಕು. ಆ ನೀರಿಗೆ ಪ್ರತಿಯಾಗಿ ನೀರಿನವನು ಒಂದು ಲೋಟ ಟೀ ಸಹ ಮುಟ್ಟುವುದಿಲ್ಲ. ಆದರೆ ರಾಮಯ್ಯ ತೀರಿಕೊಂಡ ದಿನ ಆ ಬೀದಿಯ ಪೈಪು ಚರಂಡಿಯೊಳಗೆ ಒಡೆದಿತ್ತು. ರಿಪೇರಿ ಮುಗಿಯುವ ತನಕ ವಾಲ್ವ್ ಮುಟ್ಟಕೂಡದೆಂದು ಆದೇಶವಾಗಿತ್ತು. ರಾಮಯ್ಯನ ಹೆಂಡತಿ ಶಕುಂತಲಮ್ಮ ಫೋನಿನಲ್ಲಿ ಅತ್ತಳು. ಸ್ನಾನಕ್ಕೆ ತಾನೇ, ಯಾರು ಕುಡೀತಾರೆ ಎಂದುಕೊಂಡು ಪರಶುರಾಮ ತಿರುಗಿಸಿಬಿಟ್ಟ. ತಾತನ ಸಾವಿಗೆ ಶಿವಮೊಗ್ಗದಿಂದ ಬಂದಿದ್ದ ಮೊಮ್ಮಗಳು ನವ್ಯಾ ಬಚ್ಚಲ ನಲ್ಲಿಗೇ ಬಾಯಿ ಕೊಟ್ಟು ಕುಡಿದಳು.

ಮಗು ಈಗ ಆಸ್ಪತ್ರೆಯಲ್ಲಿತ್ತು. ದೂರು ಕೊಟ್ಟವನು ಅದರ ಅಪ್ಪ ಯುವರಾಜ್. ಈ ಊರಿನ ರೂಢಿ ಅರಿಯದ ಅವನು, ನೀರಿನವನು ಯಾರಿಂದಲೋ ಲಂಚ ತಿಂದು ಮುಚ್ಚಿದ ವಾಲ್ವ್ ತೆರೆದಿದ್ದಾನೆಂದು ಬರೆದಿದ್ದ. ಅದರ ಮೇಲೆ ಪರಶುರಾಮ ಅಮಾನತ್ತಾಗಿದ್ದ. ಬೀದಿಯವರಿಗೆ ನಿಜ ಗೊತ್ತಿತ್ತು. ಒಬ್ಬರೂ ಬಾಯಿ ಬಿಡಲಿಲ್ಲ.

ಪರಶುರಾಮ ಕಚೇರಿಯಿಂದ ಎದ್ದವನೇ ಭದ್ರಾವತಿ ಬಸ್ಸು ಹಿಡಿದು ನೇರ ಶಕುಂತಲಮ್ಮನ ಬಾಗಿಲಿಗೆ ಹೋದ. ಚಪ್ಪಲಿ ಬಿಡುವಷ್ಟರಲ್ಲಿ ಅವಳ ಮಗಳು, ನವ್ಯಾಳ ತಾಯಿ ಪುಷ್ಪಾ ಅಡ್ಡ ಬಂದಳು. ಅವಳ ಹಿಂದೆ ನಡುಮನೆಯಲ್ಲಿ ಬಟ್ಟೆ ತುಂಬಿದ ಚೀಲಗಳಿದ್ದವು.

"ಯಾವ ಮುಖ ಹೊತ್ಕೊಂಡು ಬಂದ್ಯೋ? ಸಾವಿನ ನೀರಿಗೆ ಕಾಸು ಮುಟ್ಟಲ್ಲ ಅಂತಿದ್ಯಲ್ಲ, ಎಷ್ಟು ಕೊಟ್ರು ಅಂತ ಚರಂಡಿ ನೀರು ಬಿಟ್ಟೆ? ಕಿಡ್ನಿ ಕೈಕೊಡ್ತಾ ಇದೆ ಅಂತಾರೆ ಡಾಕ್ಟ್ರು. ಏಳು ವರ್ಷದ ಮಗು ಕಣೋ ಅದು!"

ಶಕುಂತಲಮ್ಮ ಒಳಗಿನಿಂದ ಬಂದಳು. ಬಾಗಿಲಿಗೆ ಬಂದವರಿಗೆ ಕೊಡುವ ಅಭ್ಯಾಸಕ್ಕೆ ಕೈಯಲ್ಲಿ ನೀರಿನ ಚೊಂಬು ಹಿಡಿದಿದ್ದಳು.

"ಇವನಿಗೆ ನೀರು ಬೇರೆ ಕೊಡ್ತೀಯೇನಮ್ಮಾ?"

ಶಕುಂತಲಮ್ಮ ಚೊಂಬನ್ನು ಹೊಸ್ತಿಲ ಬಳಿಯೇ ಇಟ್ಟಳು. ಅವಳು ಪರಶುರಾಮನನ್ನೇ ನೋಡಿದಳು. ಆ ನೋಟ ಹೇಳಬೇಡಪ್ಪಾ ಎಂದಂತೆಯೂ ಇತ್ತು, ನೀನೇ ಹೇಳಿಬಿಡು ಎಂದಂತೆಯೂ ಇತ್ತು.

ಪರಶುರಾಮನ ಬಾಯಿ ಊರಿಗೆಲ್ಲ ಗೊತ್ತು. ಮುಂಗೋಪಿ, ಎದುರಿಗಿರುವವರು ಯಾರೆಂದು ನೋಡದೆ ಹರಿಹಾಯುವವನು. 'ನಿಮ್ಮಮ್ಮನ್ನೇ ಕೇಳು' ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಅಷ್ಟು ಆಡಿದ್ದರೆ ಕೆಲಸ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು.

"ಅಮ್ಮನ್ನ ನಿಮ್ಮನೆಗೆ ಕರ್ಕೊಂಡು ಹೋಗ್ತಿದೀಯಾ?" ಎಂದು ಕೇಳಿದ.

"ಇನ್ನೇನು, ಒಬ್ಳೇ ಇಲ್ಲಿ ನಿನ್ನ ನೀರು ಕುಡ್ಕೊಂಡು ಬಿದ್ದಿರ್ಬೇಕಾ?"

ಅವನು ಮತ್ತೆ ಚಪ್ಪಲಿ ಮೆಟ್ಟಿಕೊಂಡ.

ಸೋಮವಾರ ವಿಚಾರಣೆಯ ಸಾಹೇಬರು ಬರುವ ಮೊದಲೇ ಪರಶುರಾಮ ಧರ್ಮೇಂದ್ರರ ಮುಂದೆ ರಾಜೀನಾಮೆ ಇಟ್ಟ. ಆರೋಗ್ಯದ ಮಾತೇ ಇರಲಿಲ್ಲ. ಕೆಲಸ ಬಿಟ್ಟಿದ್ದೇನೆ ಎಂದಷ್ಟೇ ಬರೆದಿದ್ದ.

"ಶಕುಂತಲಮ್ಮ ಬರಲ್ಲ ಅಂದ್ಳಾ?"

"ನಾನು ಕೇಳ್ಲೇ ಇಲ್ಲ."

ಧರ್ಮೇಂದ್ರರ ಮುಖ ಹಗುರಾಯಿತು. "ಒಳ್ಳೇದೇ ಮಾಡ್ದೆ ಬಿಡು. ಮೊದಲೇ ನನ್ನ ಮಾತು ಕೇಳಿದ್ರೆ ಇಷ್ಟು ಓಡಾಟ ಇರ್ತಿರ್ಲಿಲ್ಲ. ಹೊರಗೆ ಬೆಂಚಲ್ಲಿ ಕೂತಿರು, ಸೀಲ್ ಹಾಕಿಸಿ ನಿನ್ನ ಕಾಪಿ ಕೊಡ್ತೀನಿ. ಟೀ ಹೇಳ್ಲಾ?"

ಪರಶುರಾಮ ಹೊರಗೆ ಬಂದ. ಬೆಂಚಿನ ಮುಂದೆ ನಿಲ್ಲದೆ ನಡೆದ. ಒಳಗಿನಿಂದ ಯಾರೋ ಹೆಸರು ಹಿಡಿದು ಕೂಗಿದಂತಾದಾಗ ಗೇಟು ದಾಟಿದ್ದ.

ಬಸ್‌ಸ್ಟಾಪಿನ ಹತ್ತಿರ ಫೋನು ಹೊಡೆದುಕೊಂಡಿತು. ಅಮಾನತ್ತಾದ ಮೇಲೂ ಜನ ಅವನಿಗೇ ಫೋನು ಮಾಡುತ್ತಿದ್ದರು.

"ನಾನಪ್ಪಾ, ಮೇಲಿನ ಬೀದಿ ಮಹಾಂತಮ್ಮ. ಎಲ್ಲಿ ಸತ್ತೋದ್ಯೋ ಮಾರಾಯ, ಕಾಣ್ಲೇ ಇಲ್ಲ? ಇವತ್ತು ನೀರು ಬರುತ್ತಾ?"

"ಬರುತ್ತೆ," ಎಂದ. "ಕಾಯಿಸಿ ಕುಡೀರಿ."

"ಅದು ಸರಿ, ಎಷ್ಟೊತ್ತಿಗೆ ಬಿಡ್ತೀಯಾ?"

ಭದ್ರಾವತಿ ಬಸ್ಸು ಬಂದು ನಿಂತಿತು. ಹತ್ತದೆ ನಿಂತ ಇವನ ಮುಖ ನೋಡಿ ಕಂಡಕ್ಟರ್, ರೈಟ್ ಎಂದು ಬಾಗಿಲು ಬಡಿದ. ಬಸ್ಸು ಎಬ್ಬಿಸಿದ ಧೂಳಿನಲ್ಲಿ ಪರಶುರಾಮ ಭದ್ರಾವತಿಯ ದಾರಿ ಬಿಟ್ಟು ಎದುರು ದಿಕ್ಕಿಗೆ ನಡೆಯತೊಡಗಿದ. ಕೈಯಲ್ಲಿದ್ದ ಫೋನಿನಲ್ಲಿ ಮಹಾಂತಮ್ಮ ಹಲೋ, ಹಲೋ ಅನ್ನುತ್ತಲೇ ಇದ್ದಳು.