ಎಡಗೈ ಯಾರದು

ಬುಟ್ಟಿಯಲ್ಲಿದ್ದ ರೊಟ್ಟಿಗಳೆಲ್ಲ ದುಂಡಗಿದ್ದವು. ಚನ್ನವೀರಮ್ಮ ಈಗ ಬಡಿಯುತ್ತಿದ್ದದ್ದು ಮಾತ್ರ ಬಲಕ್ಕೆ ತೆಳ್ಳಗೆ, ಎಡಕ್ಕೆ ಹಿಟ್ಟಿನ ಮುದ್ದೆ. ಬಳ್ಳಾರಿಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಮಗಳು ಶೀಲಾ ರಜೆಗೆಂದು ಕುರುಗೋಡಿಗೆ ಬಂದಿದ್ದಳು.

"ಅವ್ವ, ಈ ಕಡಿ ಯಾಕ ಬಡದಿಲ್ಲ?"

"ಯಾವ ಕಡಿ? ದುಂಡಗ ಐತಲ್ಲ. ಓದಿ ಓದಿ ನಿನ್ನ ಕಣ್ಣು ಹೋಗ್ಯಾವು."

ಮಾತು ತೊದಲಿತು. ಬಾಯಿ ಎಡಕ್ಕೆ ಜೋತಿತ್ತು.

"ಎರಡೂ ಕೈ ಎತ್ತು ನೋಡೂಣು."

ಬಲಗೈ ಮೇಲೆ ಹೋಯಿತು. ಎಡಗೈ ಹಿಟ್ಟಿನಲ್ಲೇ ಉಳಿಯಿತು.

"ಎತ್ತೀನಲ್ಲ!" ಎಂದರು ಚನ್ನವೀರಮ್ಮ. ದನಿಯಲ್ಲಿ ಸುಳ್ಳಿರಲಿಲ್ಲ.

ಅಣ್ಣ ಶಶಿಕಾಂತ್ ಕಾರು ತೆಗೆದ. "ಲಕ್ವ ಇದು. ಸಿರುಗುಪ್ಪಕ್ಕ ಹೋಗೂಣು, ಎಲಿ ರಸ ಹಾಕ್ತಾರ. ಬಾಜೂ ಮನಿ ರಂಗಣ್ಣ ಅಲ್ಲಿ ಹೋಗಿ ಬಂದು ಎದ್ದು ಓಡ್ಯಾಡ್ಲಿಲ್ಲೇನು?"

"ರಂಗಣ್ಣಗ ತಾನಾಗೇ ಬಿಟ್ಟಿತ್ತು. ಅವ್ವಗ ಬಿಡ್ಲಿಲ್ಲಂದ್ರ? ಮಿದುಳಿನ ರಕ್ತನಾಳ ಕಟ್ಟಿದ್ರ ಬಿಡಿಸೂ ಇಂಜೆಕ್ಷನ್ ಐತಿ. ತಡಾ ಆದ್ರ ಕೊಡಂಗಿಲ್ಲ. ಬಳ್ಳಾರಿಗೆ ನಡಿ, ಅಣ್ಣ."

"ನನಗೇನೂ ಆಗಿಲ್ಲ. ಹಂಚಿನ ಮ್ಯಾಗಳ ರೊಟ್ಟಿ ಸೀದು ಹೋಗ್ತೈತಿ," ಎಂದು ಹಿಂದಿನ ಸೀಟಿನಿಂದ ಚನ್ನವೀರಮ್ಮ ಗದರಿದರು.

ಶಶಿಕಾಂತ್ ಕನ್ನಡಿಯಲ್ಲಿ ತಾಯಿಯ ಮುಖವನ್ನೊಮ್ಮೆ ನೋಡಿದ. ಕಾರನ್ನು ಬಳ್ಳಾರಿಯ ಕಡೆಗೆ ತಿರುಗಿಸಿದ.

ಆಸ್ಪತ್ರೆಯಲ್ಲಿ ಮೊದಲು ತಲೆಯ ಸ್ಕ್ಯಾನ್ ಆಯಿತು. "ಒಳಗೆ ರಕ್ತ ಸೋರಿದರೂ ಹೊರಗೆ ಹೀಗೇ ಕಾಣ್ತದ್ರಿ, ನಾಳ ಕಟ್ಟಿದರೂ ಹೀಗೇ. ಕಟ್ಟಿದ್ದಕ್ಕೆ ಕೊಡೋ ಔಷಧಿ ಸೋರಿದ್ದಕ್ಕೆ ವಿಷ," ಎಂದರು ವೈದ್ಯೆ. "ಇವರಿಗೆ ಸೋರಿಲ್ಲ." ಆಮೇಲೆ ಚನ್ನವೀರಮ್ಮನ ಎಡಗೈಯನ್ನು ಎತ್ತಿ ಅವರ ಕಣ್ಣೆದುರು ಹಿಡಿದರು. "ಅಮ್ಮಾ, ಇದು ಯಾರ ಕೈ?"

"ಶೀಲಾಂದು. ತಗಿಯವ್ವ, ಭಾರ ಐತಿ."

ಶಶಿಕಾಂತ್‌ಗೆ ನಗು ಬಂತು. ತಾಯಿಯ ಮುಖ ನೋಡಿ ಅಲ್ಲೇ ನಿಂತಿತು. ಮಿದುಳಿನ ಚಿತ್ರವನ್ನು ಶೀಲಾ ಎಷ್ಟೋ ಸಲ ಹಲಗೆಯ ಮೇಲೆ ಬರೆದಿದ್ದಳು. ಕೈ ತನ್ನದೆಂಬ ಅರಿವಿಗೂ ಅದರೊಳಗೊಂದು ಜಾಗವಿದೆ, ಅದು ನಂದಿದರೆ ನಂದಿದ್ದೂ ತಿಳಿಯುವುದಿಲ್ಲ ಎಂಬುದು ಆ ಗೆರೆಗಳಲ್ಲಿ ಎಂದೂ ಕಂಡಿರಲಿಲ್ಲ.

ಇಂಜೆಕ್ಷನ್ನಿನಿಂದಲೇ ಕೆಲವರಿಗೆ ಮಿದುಳಿನಲ್ಲಿ ರಕ್ತ ಸೋರುವುದುಂಟು ಎಂದು ವೈದ್ಯೆ ಮುಚ್ಚಿಡದೆ ಹೇಳಿದರು. ಅಣ್ಣ ತಂಗಿಯನ್ನು ನೋಡಿದ. "ಕೊಡ್ರಿ," ಎಂದಳು ಶೀಲಾ.

ನೀರಿನಂಥದ್ದೇ ಔಷಧಿ. ಅದು ಒಳಗೆ ಹೋಗಿ ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಎಡಗೈಯ ಹೆಬ್ಬೆರಳು ಮಿಸುಕಿತು. ಸುಮ್ಮನೆ ಅನಿಸಿತೇನೋ ಎಂದುಕೊಂಡು ಶೀಲಾ ಬಗ್ಗಿ ಮತ್ತೆ ನೋಡಿದಳು. ಹೊತ್ತು ಇಳಿಯುವಷ್ಟರಲ್ಲಿ ತಾಯಿಯ ಮಾತಿನ ತೊದಲು ಕಡಿಮೆಯಾಗಿತ್ತು.

"ಅವ್ವ, ಈ ಕೈ ಯಾರದು?" ಶೀಲಾ ಎಡಗೈ ಮುಟ್ಟಿ ಕೇಳಿದಳು.

"ಯಾರದಂದ್ರ? ನಂದು."

"ಆಗ ಶೀಲಾಂದು ಅಂದಿದ್ದಿಯಲ್ಲ?"

"ನಾನಾ? ನಿನ್ನ ಕೈ ನನ್ನ ಮೈಮ್ಯಾಲ ಯಾಕ ಬೆಳೀತೈತಿ? ಡಾಕ್ಟ್ರಮ್ಮ, ಈಕೀನೂ ಒಮ್ಮಿ ಆ ಮಿಷಿನಿನ್ಯಾಗ ಹಾಕ್ರಿ."

ಹೀಗೆ ಬೈಯುತ್ತಿರುವಾಗಲೇ ಅವರ ಎಡಗೈ ಹಾಸಿಗೆಯಿಂದ ಎದ್ದಿತು. ತುಸು ತಡವರಿಸಿ ಹಣೆ ಮುಟ್ಟಿತು, ಕಣ್ಣಿಗೆ ಬಿದ್ದಿದ್ದ ಕೂದಲನ್ನು ಸರಿಸಿತು. ಚನ್ನವೀರಮ್ಮ ಅದನ್ನು ಗಮನಿಸಲೂ ಇಲ್ಲ. ಅಣ್ಣ ತಂಗಿ ಇಬ್ಬರೂ ಆ ಕೈಯನ್ನೇ ನೋಡುತ್ತ ನಿಂತರು.