ನುಂಗಿದ ಗಾಳ

ನಾನು ಹಲ್ಲಿನ ಡಾಕ್ಟರು. ಮೂವತ್ತೊಂದು ವರ್ಷ ಜನರ ಬಾಯಿಗೆ ಕೈಹಾಕಿಯೇ ಹೊಟ್ಟೆ ಹೊರೆದವನು. ಬಾಯಿ ಬಿಡಿಸುವುದು ನನಗೆ ನೀರು ಕುಡಿದಷ್ಟು ಸುಲಭ ಎಂಬ ಜಂಬವಿತ್ತು. ಮಗಳ ಮುಂದೆ ಆ ವಿದ್ಯೆ ನಡೆಯಲಿಲ್ಲ.

ಅವಳು ಗಂಡನನ್ನು ಬಿಟ್ಟು ಬಂದು ಮೂರು ವಾರವಾಗಿತ್ತು. ಯಾಕೆ ಎಂದರೆ, "ಈಗ ಹೇಳೋಕಾಗಲ್ಲಪ್ಪ" ಎನ್ನುವಳು, ಅಷ್ಟೇ. ನಾನು ಸುಮ್ಮನಿರುವ ಆಸಾಮಿಯೇ? ತಿಂಡಿ ತಿನ್ನುವಾಗ ಕೇಳಿದೆ, ಬಟ್ಟೆ ಒಣಹಾಕುವಾಗ ಕೇಳಿದೆ, ಬಚ್ಚಲಮನೆಯ ಬಾಗಿಲ ಹೊರಗೆ ನಿಂತೂ ಕೇಳಿದೆ. "ಅವಳ ತಲೆ ತಿನ್ನಬೇಡಿ. ಅವಳೇನು ನಿಮ್ಮ ಕ್ಲಿನಿಕ್ ಕುರ್ಚೀಲಿ ಕೂತಿದ್ದಾಳಾ?" ಎಂದು ಹೆಂಡತಿ ರೇಗಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಳಗೆ ಏನಾದರೂ ಉಳಿದರೆ ಕೀವು ಕಟ್ಟುತ್ತದೆ, ಬುಡಸಮೇತ ತೆಗೆಯಬೇಕು ಎಂಬುದು ನನ್ನ ವಾದ.

ಆ ಭಾನುವಾರ ಬೆಳಿಗ್ಗೆ ಬಚ್ಚಲಮನೆಯ ಲೋಟದಲ್ಲಿ ಮೂರರ ಬದಲು ಎರಡೇ ಬ್ರಷ್ ಇದ್ದವು. ಹೊರಬಾಗಿಲ ಬಳಿ ಅವಳ ಚೀಲ ಸಿದ್ಧವಾಗಿತ್ತು. ಸಂಜೆಯ ಬಸ್ಸಿಗೆ ಗೆಳತಿಯ ಊರಿಗೆ ಹೋಗುತ್ತಾಳಂತೆ. ವಾಪಸ್ ಯಾವಾಗ ಎಂದರೆ ಚೀಲದ ಜಿಪ್ ಎಳೆದಳು. ನನ್ನ ಬಾಯಿಯ ಕಾಟ ತಾಳಲಾರದೆಯೇ ಹೊರಟಿದ್ದಾಳೆ, ಈಗ ಹೋದರೆ ಮತ್ತೆ ಬರುವುದಿಲ್ಲ ಎಂದು ಗೊತ್ತಿತ್ತು. ಗೊತ್ತಿದ್ದೂ ಏನು ಮಾಡಿದೆ? "ಬಸ್ಸಿಗೆ ಇನ್ನೂ ಹೊತ್ತಿದೆ, ಚಿಕ್ಕವಳಿದ್ದಾಗ ಬರ್ತಿದ್ದ ಹಾಗೆ ಕೆರೆಗೆ ಬರ್ತೀಯಾ?" ಎಂದೆ. ದಂಡೆಯ ಮೇಲೆ ಕೂರಿಸಿದರೆ ಎಲ್ಲಿಗೆ ತಪ್ಪಿಸಿಕೊಳ್ಳುತ್ತಾಳೆ ಎಂಬುದು ನನ್ನ ಲೆಕ್ಕ.

ನಮ್ಮ ಕೆರೆಯಲ್ಲಿ ಹಿಡಿದ ಮೀನನ್ನು ಜೀವಂತವಾಗಿ ನೀರಿಗೆ ಬಿಡಬೇಕು. ಅದನ್ನು ನೋಡಿಕೊಳ್ಳಲು ಒಬ್ಬ ಕಾವಲುಗಾರನಿದ್ದಾನೆ. ಹಿಂದೆ ಬಸ್ ಓಡಿಸುತ್ತಿದ್ದವನು. ಎಲ್ಲರಿಗೂ "ನಿಧಾನ, ನಿಧಾನ" ಎನ್ನುವುದರಿಂದ ಅವನನ್ನು ಬ್ರೇಕಣ್ಣ ಎನ್ನುತ್ತೇವೆ. ಅವನಿಗೂ ನನಗೂ ಅಷ್ಟಕ್ಕಷ್ಟೆ. ಹೋದ ತಿಂಗಳು ಮೀನೊಂದು ಗಾಳವನ್ನು ಗಂಟಲಿಗಿಂತ ಕೆಳಗೆ ನುಂಗಿಬಿಟ್ಟಿತ್ತು. ನಾನು ಹಲ್ಲು ಕೀಳುವ ಇಕ್ಕಳ ತೆಗೆದು, ಹುಲ್ಲಿನ ಮೇಲೆ ಐದು ನಿಮಿಷ ಆಪರೇಷನ್ ಮಾಡಿ ಗಾಳ ಕಿತ್ತೆ. "ನೋಡು, ತುದಿ ಸಮೇತ ಬಂತು!" ಎಂದು ಎತ್ತಿ ತೋರಿಸಿದೆ. ನೀರಿಗೆ ಬಿಟ್ಟ ಮೀನು ಹೊಟ್ಟೆ ಮೇಲಾಗಿ ತೇಲಿತು. "ಗಾಳ ಉಳೀತಲ್ಲ ಡಾಕ್ಟ್ರೇ, ಜೋಪಾನವಾಗಿ ಇಟ್ಕೊಳ್ಳಿ" ಎಂದು ಬ್ರೇಕಣ್ಣ ಹೊರಟುಹೋಗಿದ್ದ.

ಈ ಸಲವೂ ಎರೆಹುಳು ಸಿಕ್ಕಿಸಿ ಗಾಳ ಎಸೆದೆ. ದಾರಕ್ಕೆ ಕಟ್ಟಿದ ಬೆಂಡು ನೀರಿನ ಮೇಲೆ ನಿಂತಿತು. ನಾನು ಶುರುಮಾಡಿದೆ.

"ಕೈ ಮಾಡಿದ್ನಾ?"

"ಇಲ್ಲಪ್ಪ."

"ಬೇರೆ ಯಾರಾದ್ರೂ ಇದ್ದಾರಾ?"

"ಅಪ್ಪ, ಬೆಂಡು ನೋಡು."

"ಬೆಂಡು ಹಾಳಾಗ್ಲಿ. ಅವನಿಗೆ ಫೋನ್ ಮಾಡಿ ನಾನೇ ಕೇಳ್ತೀನಿ."

"ಅಪ್ಪ, ಬೆಂಡು!"

ಬೆಂಡು ಯಾವಾಗಲೋ ಮುಳುಗಿತ್ತು. ಮೀನು ಕಚ್ಚಿದ ತಕ್ಷಣ ಕೋಲು ಎತ್ತಿದ್ದರೆ ಗಾಳ ತುಟಿಗೆ ಸಿಕ್ಕುತ್ತಿತ್ತು, ಬೆರಳಲ್ಲೇ ಬಿಡಿಸಬಹುದಿತ್ತು. ದಂಡೆಗೆಳೆದು ನೋಡಿದರೆ ದಾರ ನೇರ ಒಳಗಿಳಿದಿದೆ, ಗಾಳದ ಸುಳಿವೇ ಇಲ್ಲ. ನನ್ನ ಕೈ ತಾನಾಗಿ ಇಕ್ಕಳಕ್ಕೆ ಹೋಯಿತು.

"ನಿಧಾನ!" ಬ್ರೇಕಣ್ಣ ಓಡಿಬಂದ. "ನೀರಿಂದ ಎತ್ತಬೇಡಿ. ದಾರ ಕತ್ತರಿಸಿ ಬಿಟ್ಬಿಡಿ. ಗಾಳ ಒಳಗೇ ಇರ್ಲಿ."

"ಒಳಗೆ ಬಿಟ್ರೆ ಸಾಯಲ್ವೇನಯ್ಯ?"

"ಸತ್ರೂ ಸಾಯಬಹುದು. ಕಿತ್ರೆ ಮಾತ್ರ ಬದುಕೋದು ಕಷ್ಟ, ನೀವೇ ನೋಡಿದ್ರಲ್ಲ. ಬಿಟ್ರೆ ಎಷ್ಟೋ ಮೀನು ಅದನ್ನ ತಾವಾಗೇ ಉದುರಿಸ್ಕೊಳ್ತವೆ."

ನಾನು ಇಕ್ಕಳ ಕೆಳಗಿಡಲಿಲ್ಲ. ಮಗಳು ಆಗಲೇ ಕೈ ಒದ್ದೆ ಮಾಡಿಕೊಂಡು, ಮಂಡಿಯೂರಿ, ನೀರೊಳಗೇ ಮೀನನ್ನು ಹಗುರವಾಗಿ ಹಿಡಿದಿದ್ದಳು. ತಲೆ ಎತ್ತದೆ ಕೇಳಿದಳು:

"ಅಪ್ಪ, ಹಲ್ಲು ಕೀಳುವಾಗ ಬೇರಿನ ಚೂರು ನರದ ಪಕ್ಕದಲ್ಲೇ ಮುರಿದು ಉಳಿದ್ರೆ ಏನು ಮಾಡ್ತೀಯ?"

"ಬಿಟ್ಬಿಡ್ತೀನಿ" ಎಂದೆ, ಯೋಚಿಸದೆ. "ಕೀಳೋಕೆ ಹೋಗಿ ನರಕ್ಕೆ ಪೆಟ್ಟಾದ್ರೆ ತುಟಿ ಮರಗಟ್ಟಿಹೋಗುತ್ತೆ."

"ಆಮೇಲೆ?"

"ಕಾರ್ಡಲ್ಲಿ ಬರೆದಿಡ್ತೀನಿ. ನೋವು ಬಂದ್ರೆ ಬನ್ನಿ ಅಂತೀನಿ."

"ಅಷ್ಟೇನಾ?"

"ಅಷ್ಟೇ."

ಅವಳು ಮೀನಿನ ಬಗ್ಗೆಯೇ ಕೇಳಿದ್ದಳೋ ಏನೋ. ನನಗಂತೂ ಯಾರೋ ಕಪಾಳಕ್ಕೆ ಬಾರಿಸಿದ ಹಾಗಾಯಿತು. ಬುಡಸಮೇತ ತೆಗೆಯಬೇಕೆಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ನಾನು, ಎಷ್ಟು ಬಾಯಿಗಳಲ್ಲಿ ಎಷ್ಟು ಚೂರು ಬಿಟ್ಟು ಬಂದಿದ್ದೇನೆ! ಅವರೆಲ್ಲ ಉಣ್ಣುತ್ತ, ನಗುತ್ತ ಓಡಾಡಿಕೊಂಡಿದ್ದಾರೆ. ಮೂರು ವಾರದಿಂದ ನನ್ನ ಮಗಳನ್ನು ಹುಲ್ಲಿನ ಮೇಲೆ ಹಾಕಿಕೊಂಡು ಇಕ್ಕಳ ಆಡಿಸಿದ್ದೆನಲ್ಲ! ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟೆ.

ಗಾಳದ ಚೀಲದಿಂದ ಕತ್ತರಿ ತೆಗೆದೆ. ಬಾಯೊಳಗೆ ತುದಿ ತೂರಿಸಿ, ಎಳೆಯದೆ, ಎಷ್ಟು ಒಳಗೆ ಆಗುತ್ತದೋ ಅಷ್ಟು ಒಳಗೆ ದಾರ ಕತ್ತರಿಸಿದೆ. ಅವಳು ಮೀನನ್ನು ನೆಟ್ಟಗೆ ಹಿಡಿದೇ ಇದ್ದಳು. ಕಿವಿರು ತೆರೆಯಿತು, ಮುಚ್ಚಿತು.

"ಬಿಡಲಾ?"

"ನಿಧಾನ" ಎಂದೆ. ಬ್ರೇಕಣ್ಣ ಕಿಸಕ್ಕನೆ ನಕ್ಕ.

ಸ್ವಲ್ಪ ಹೊತ್ತಿಗೆ ಮೀನು ತಾನೇ ಬಾಲ ಬೀಸಿ ಅವಳ ಕೈಯಿಂದ ಜಾರಿ ಹೋಯಿತು.

"ಬದುಕುತ್ತಾ ಅಪ್ಪ?"

"ಗೊತ್ತಿಲ್ಲ ಮಗಳೇ" ಎಂದೆ. ನನ್ನ ಬಾಯಲ್ಲಿ ಅಪರೂಪಕ್ಕೆ ಬರುವ ಮಾತು.

ದಾರಿಯುದ್ದಕ್ಕೂ ಪ್ರಶ್ನೆಗಳು ನಾಲಿಗೆಯ ತುದಿಗೆ ಬಂದವು, ಒಂದೊಂದನ್ನೇ ನುಂಗಿಕೊಂಡೆ. ಮನೆ ತಲುಪಿದಾಗ ಬಸ್ಸಿಗೆ ಅರ್ಧ ಗಂಟೆಯಿತ್ತು. ಅವಳ ಚೀಲವನ್ನು ನಾನೇ ಎತ್ತಿಕೊಂಡೆ.

"ಕೈ ತೊಳ್ಕೊಂಡು ಬಾ, ಬಸ್‌ಸ್ಟ್ಯಾಂಡಿಗೆ ಬಿಡ್ತೀನಿ."

"ವಾಪಸ್ ಯಾವಾಗ ಅಂತ ಕೇಳಲ್ವಾ?"

"ನೋವು ಬಂದ್ರೆ ಬಾ" ಎಂದೆ. "ನೋವಿಲ್ದಿದ್ರೂ ಬಾ."

ಅವಳು ನನ್ನನ್ನೇ ನೋಡಿದಳು. ನನ್ನ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ಹೋದಳು. ನಾನು ಕಾರಿನ ಕೀಲಿ ಹಿಡಿದು ಬಾಗಿಲಲ್ಲೇ ನಿಂತೆ. ಬಸ್ಸಿನ ಹೊತ್ತಾಯಿತು, ಮೀರಿಯೂ ಹೋಯಿತು. ಅಡುಗೆಮನೆಯಲ್ಲಿ ತಾಯಿ ಮಗಳು ಏನೋ ಮಾತಾಡಿಕೊಳ್ಳುತ್ತಿದ್ದರು. ನಾನು ಕಿವಿಗೊಡಲಿಲ್ಲ.

ಕೈ ತೊಳೆಯಲು ಬಚ್ಚಲಮನೆಗೆ ಹೋದೆ. ಲೋಟದಲ್ಲಿ ಮೂರು ಬ್ರಷ್ ಇದ್ದವು. ಅವಳದರ ಎಳೆಗಳೆಲ್ಲ ಕೆದರಿ ಹಾಳಾಗಿದ್ದವು. ಹಲ್ಲಿನ ಡಾಕ್ಟರ ಮಗಳಾಗಿ ಇಂಥದ್ದರಲ್ಲಿ ಉಜ್ಜುತ್ತೀಯಾ ಎಂದು ಕೂಗಲು ಬಾಯಿ ತೆರೆದೆ. ಹಾಗೆಯೇ ಮುಚ್ಚಿಕೊಂಡೆ.