ಮುಚ್ಚಳ ಎತ್ತಿ ನೋಡುವವಳು

ಅವಳು ಪಿಎಚ್.ಡಿ.ಗೆ ಸೇರಿ ಐದನೇ ವರ್ಷ. ಕೆಲಸ ಇಷ್ಟೇ: ಒಂದು ಕಾಡುಹುಲ್ಲಿನ ಬೀಜವನ್ನು ಉಪ್ಪುನೀರಿನಲ್ಲಿ ಮೊಳೆಯಿಸುವುದು. ಗಾಜಿನ ತಟ್ಟೆಯಲ್ಲಿ ಒದ್ದೆ ಕಾಗದ ಹಾಸಿ, ಬೀಜ ಇಟ್ಟು, ಮುಚ್ಚಳ ಮುಚ್ಚಿ ಕಾಯಬೇಕು. ಬೀಜ ಮಾತ್ರ ಜಪ್ಪಯ್ಯ ಎಂದರೂ ಕಣ್ಣು ಬಿಡುತ್ತಿರಲಿಲ್ಲ. ಅಕ್ಕ ನೀರಲ್ಲಿ ಹೋಮ ಮಾಡುತ್ತಿದ್ದಾಳೆ, ಅದೂ ಉಪ್ಪುನೀರಲ್ಲಿ ಎಂದು ತಮ್ಮ ಮನೆಮಂದಿಯನ್ನೆಲ್ಲ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅಳುತ್ತಿದ್ದಳು.

ಜೊತೆಗೆ ಸೇರಿದವರೆಲ್ಲ ಹೆಸರಿನ ಮುಂದೆ ಡಾಕ್ಟರ್ ಹಚ್ಚಿಕೊಂಡು ಹೊರಟುಹೋಗಿದ್ದರು. ತನ್ನ ತಲೆಯಲ್ಲಿರುವುದು ಜೇಡಿಮಣ್ಣು ಎಂಬುದು ಅವಳಿಗೆ ಖಾತ್ರಿಯಾಗಿತ್ತು. ಬಿಟ್ಟುಬಿಡುತ್ತೇನೆಂದು ಹೇಳಲು ಒಂದು ಮಧ್ಯಾಹ್ನ ಗೈಡ್ ಕೋಣೆಗೆ ಹೋದಳು.

ಇಷ್ಟು ವರ್ಷದಲ್ಲಿ ಒಂದು ಬೀಜವೂ ಮೊಳೆಯಲಿಲ್ಲವೇ ಎಂದು ಅವರು ಕೇಳಿದರು. ಎರಡು ಸಲ ಮೊಳೆತಿತ್ತು, ಎಂದಳು. ಒಮ್ಮೆ ಅವಳು ಜ್ವರ ಬಂದು ಮಲಗಿದ್ದಾಗ, ಇನ್ನೊಮ್ಮೆ ತಮ್ಮನ ಮದುವೆಗೆ ಹೋಗಿದ್ದಾಗ. ಅವಸರದಲ್ಲಿ ಉಪ್ಪುನೀರಿನ ಬದಲು ಬರೀ ನೀರು ಹೊಯ್ದಿರಬೇಕೆಂದುಕೊಂಡು, ಯಾರಾದರೂ ನೋಡಿ ನಕ್ಕಾರೆಂದು ಎರಡನ್ನೂ ಕಸಕ್ಕೆ ಹಾಕಿದ್ದಳು.

ಗೈಡ್ ಮುಂಗೋಪಿ. ಆದರೆ ಈ ಸಲ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

"ಮೊಳೆತಾಗ ಎಲ್ಲೋ ತಪ್ಪಾಗಿದೆ ಅಂದ್ಕೊಂಡೆ ನೀನು. ಮೊಳೀದೇ ಇದ್ದಾಗ ಯಾವತ್ತಾದ್ರೂ ಹಾಗನ್ನಿಸ್ತಾ?"

ಸೋಲನ್ನು ಯಾರಾದರೂ ಅನುಮಾನಿಸುತ್ತಾರೆಯೇ? ಅದು ಬಂದಾಗಲೆಲ್ಲ ಮಣೆ ಹಾಕಿ ಕೂರಿಸುವುದಷ್ಟೇ ಅವಳಿಗೆ ಗೊತ್ತಿತ್ತು.

ಉಳಿದ ಬೀಜ ಹಾಕಿ ನೋಡು, ಬಿಡುವ ಮಾತು ಆಮೇಲೆ, ಎಂದು ಕಳಿಸಿದರು. ಡಬ್ಬಿಯ ತಳ ಕೆರೆದರೆ ಒಂದೇ ತಟ್ಟೆಗಾಗುವಷ್ಟು ಸಿಕ್ಕಿತು. ಮುಚ್ಚಿಟ್ಟಳು. ಆದರೆ ಜೀವ ತಡೆಯಬೇಕಲ್ಲ, ಹೋಗುತ್ತಾ ಬರುತ್ತಾ ಮುಚ್ಚಳ ಎತ್ತಿ ಹಣಕಿದಳು. ಒಂದೂ ಮೊಳೆಯಲಿಲ್ಲ.

ಹಣೆಬರಹ ಎಂದುಕೊಂಡು ತಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿಯಹೋದವಳು ತಡೆದು ನಿಂತಳು. ತಟ್ಟೆಯ ಅಂಚಿಗೆ ಬೆಳ್ಳಗೆ ಉಪ್ಪು ಕಟ್ಟಿತ್ತು. ನೀರು ಆರಿಹೋಗಿ ಉಳಿದದ್ದು ಕಡು ಉಪ್ಪಾಗಿತ್ತು. ಇಂಥದ್ದರಲ್ಲಿ ಯಾವ ಬೀಜ ತಾನೇ ಮೊಳೆತೀತು? ಆ ಬಿಳಿ ಗೆರೆ ಅವಳಿಗೆ ಹೊಸದಲ್ಲ. ತನ್ನ ಯೋಗ್ಯತೆಯನ್ನು ಬೈದುಕೊಳ್ಳುತ್ತಾ ವರ್ಷಗಟ್ಟಲೆ ಅದನ್ನೇ ತಿಕ್ಕಿ ತೊಳೆದಿದ್ದಳು. ಮುಚ್ಚಳ ಎತ್ತಿ ಎತ್ತಿ ನೋಡಿ ನೀರನ್ನು ಆರಿಸಿದ್ದೂ ಅವಳೇ. ಅವಳು ನೋಡಲು ಬಾರದೆ ಹೋದ ಎರಡೇ ಸಲ ಬೀಜ ಮೊಳೆತಿತ್ತು.

ತೊಳೆಯದ ತಟ್ಟೆಯನ್ನು ತಂದು ಗೈಡ್ ಮೇಜಿನ ಮೇಲಿಟ್ಟು ಎಲ್ಲ ಹೇಳಿದಳು. ಅವರು ಉಗುರಿನಿಂದ ಆ ಅಂಚಿನ ಉಪ್ಪನ್ನು ಕೆರೆದು ನೋಡಿದರು. ಬೀಜ ಎಷ್ಟು ಉಳಿದಿದೆ ಎಂದು ಕೇಳಿದರು. ಒಂದೂ ಇಲ್ಲ, ಹುಲ್ಲು ತೆನೆ ಬಿಡಲು ಇನ್ನೊಂದು ವರ್ಷ ಬೇಕು, ಎಂದಳು.

"ಕಾಯ್ತೀಯಾ?"

ಬಿಡುತ್ತೇನೆಂಬ ಮಾತು ಅವಳ ನಾಲಿಗೆಯ ತುದಿಯಲ್ಲೇ ಇತ್ತು.

"ಕಾಯ್ತೀನಿ ಸಾರ್," ಎಂದಳು. "ಮುಚ್ಚಳ ಎತ್ತದೆ ಇರೋದೇ ಕಷ್ಟ."